ರಜೆಯ ಊರಿನ ಭಾನುವಾರ

ಬೇಸಿಗೆ ರಜೆಯಿರಲಿ, ಕ್ರಿಸ್ಮಸ್ ರಜೆಯಿರಲಿ, ಪ್ರವಾಸ ಹೊರಟ ಕ್ರೈಸ್ತ ಕುಟುಂಬಗಳು ದಾರಿಯಲ್ಲಿ ಒಂದೆರಡು ಚರ್ಚುಗಳನ್ನಾದರೂ ನೋಡಿಯೇ ಬರುತ್ತವೆ. ಗೋವಾಕ್ಕೆ ಹೋದವರು ಬೊಂ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ಮುಂದೆ ಕೈಮುಗಿಯುತ್ತಾರೆ. ಕೊಡೈಕೆನಾಲ್ ಸುತ್ತಿದವರು ವೇಳಾಂಕಣಿಗೂ ಹೋಗಿ ಮೇಣದ ಬತ್ತಿ ಹಚ್ಚುತ್ತಾರೆ. ಹಾಸನದ ಕಡೆಗೆ ಬಂದವರು ಶೆಟ್ಟಿಹಳ್ಳಿಯ ಪಾಳು ಚರ್ಚಿನ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಇಷ್ಟಾದರೂ ಅದೇ ಪ್ರವಾಸದ ನಡುವೆ ಬಂದ ಭಾನುವಾರ ಆರಾಧನೆಯಿಲ್ಲದೆ ಕಳೆದುಹೋಗುವುದು ಅಪರೂಪವಲ್ಲ. ಚರ್ಚು ನೋಡಿದ್ದಾಯಿತಲ್ಲ ಎಂಬ ಸಮಾಧಾನ ಸಾಕಾಗಿಬಿಡುತ್ತದೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ಶೆಟ್ಟಿಹಳ್ಳಿಯನ್ನೇ ನೋಡಿ: ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಆ ಚರ್ಚಿನ ಕಮಾನುಗಳು ಇನ್ನೂ ನಿಂತಿವೆ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಎದ್ದುಹೋದದ್ದು ಅಲ್ಲಿ ಪ್ರಾರ್ಥಿಸುತ್ತಿದ್ದ ಜನ. ಅವರು ಹೋದ ಮೇಲೆ ಅದು ನೋಡುವ ಜಾಗವಾಯಿತು. ಹಾಗಾಗಿ ಎಷ್ಟು ಚರ್ಚು ನೋಡಿದಿರಿ ಎಂದು ಕೇಳಿ ರಜೆಯ ಭಕ್ತಿಯನ್ನು ಅಳೆಯಲಾಗದು. ಆ ಊರಿನವರ ಜೊತೆ ಕೂತು ಆರಾಧಿಸಿದಿರಾ ಎಂದು ಕೇಳಬೇಕು.

ಅಪೊಸ್ತಲರ ಕೃತ್ಯಗಳು ಬಹುಮಟ್ಟಿಗೆ ಪ್ರಯಾಣದ ಗ್ರಂಥ. ಪರಿಚಯವಿಲ್ಲದ ಫಿಲಿಪ್ಪಿಯಲ್ಲಿ ಸಬ್ಬತ್ ದಿನ ಪೌಲ ಮತ್ತವನ ಜೊತೆಗಾರರು ಊರಬಾಗಿಲು ದಾಟಿ ಹೊಳೆದಂಡೆಗೆ ಹೋಗುತ್ತಾರೆ, ಅಲ್ಲಿ ಪ್ರಾರ್ಥನೆಯ ಜಾಗ ಇದ್ದೀತೆಂಬ ಊಹೆಯ ಮೇಲೆ. ಅಲ್ಲಿ ನೆರೆದ ಹೆಂಗಸರಲ್ಲಿ ಒಬ್ಬಳಾದ ಲುದ್ಯಳ ಮನೆಯೇ ಕೊನೆಗೆ ಅವರ ಬಿಡಾರವಾಗುತ್ತದೆ. ಪೌಲನದು ಸೇವೆಯ ಪ್ರಯಾಣ, ವಿಹಾರದ್ದಲ್ಲ ಎನ್ನಬಹುದು. ಆದರೆ ತೂರ್ ಪಟ್ಟಣದಲ್ಲಿ ಹಡಗು ಸರಕಿಳಿಸಲು ನಿಂತದ್ದರಿಂದ ಆದ ತಂಗುವಿಕೆಯಲ್ಲೂ ಅವರು ಶಿಷ್ಯರನ್ನು ಹುಡುಕಿಕೊಂಡು ಹೋಗಿ ಏಳು ದಿನ ಅವರೊಡನೆ ಇದ್ದರು. ಹುಡುಕಿಕೊಂಡು ಹೋದದ್ದೇ ಇಲ್ಲಿ ಮುಖ್ಯ. ಪೋಪ್ ಎರಡನೇ ಜಾನ್ ಪಾಲ್ 1998ರ ‘ದಿಯೆಸ್ ದೋಮಿನಿ’ ಪತ್ರದಲ್ಲಿ, ರಜೆಗೆಂದು ಮನೆಯಿಂದ ದೂರವಿರುವವರು ತಾವಿರುವ ಕಡೆಯೇ ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಳ್ಳಲು ಯತ್ನಿಸಬೇಕೆಂದರು. ಅದರಿಂದ ಅಲ್ಲಿನ ಸಮುದಾಯಕ್ಕೂ ಬಲ ಬರುತ್ತದೆ, ಆ ಸಮುದಾಯ ಬಂದವರನ್ನು ಆದರದಿಂದ ಬರಮಾಡಿಕೊಳ್ಳಬೇಕು ಎಂದೂ ಸೇರಿಸಿದರು. ಕೊಡಗಿನ ಹೋಂಸ್ಟೇಗಳಿಗೆ ಹೋಗುವವರಿಗೆ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ದೂರವೇನಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟಾಗ, 1792ರಲ್ಲಿ, ಹುಟ್ಟಿದ ಸಭೆ ಅದು. ಬೇರೆ ಊರಿಂದ ಬಂದವರೇ ಕಟ್ಟಿದ ಸಭೆಯಲ್ಲಿ ಪ್ರವಾಸಿ ಪರಕೀಯನಾಗಲು ಕಾರಣವೇ ಇಲ್ಲ.

ರಜೆಯೆಂದರೆ ವಿಶ್ರಾಂತಿ, ದೇವರು ಬೆಟ್ಟದ ಮೇಲೂ ಇದ್ದಾನೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಅದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಉಣ್ಣಲೂ ಬಿಡುವಿಲ್ಲದ ಶಿಷ್ಯರನ್ನು ವಿಶ್ರಾಂತಿಗೆಂದು ಏಕಾಂತಕ್ಕೆ ಕರೆದದ್ದು ಯೇಸುವೇ, ಮಾರ್ಕನ ಆರನೇ ಅಧ್ಯಾಯದಲ್ಲಿ. ಬೆಟ್ಟ ಹತ್ತಿ ಒಬ್ಬನೇ ಪ್ರಾರ್ಥಿಸಿದ್ದೂ ಅವನೇ. ಆದರೆ ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುವುದು ಅವನ ವಾಡಿಕೆಯಾಗಿತ್ತೆಂದು ಲೂಕ ಹೇಳುತ್ತಾನೆ. ಬೆಟ್ಟ ಸಭಾಮಂದಿರದ ಬದಲಿಯಾಗಲಿಲ್ಲ. ಬೆಟ್ಟದ ಮೇಲೆ ನನ್ನ ಪ್ರಾರ್ಥನೆಗೆ ನಾನೇ ಯಜಮಾನ. ಸಭೆಯಲ್ಲಿ ನಾನು ಆರಿಸದ ವಾಚನ, ನನಗೆ ಗೊತ್ತಿಲ್ಲದ ಯಾರದೋ ಕಾಯಿಲೆಗಾಗಿ ಬೇಡಿಕೆ. ಭಾಷೆ ತಿಳಿಯುವುದಿಲ್ಲವೆನ್ನುವವರಿಗೂ ಇದೇ ಉತ್ತರ. ಕೊಂಕಣಿಯಲ್ಲಿ ನಡೆಯಲಿ, ತಮಿಳಿನಲ್ಲಿ ನಡೆಯಲಿ, ಬಲಿಪೂಜೆಯ ಕ್ರಮ ಒಂದೇ. ಪ್ರಬೋಧನೆ ಅರ್ಥವಾಗದಿದ್ದರೂ ಶಾಂತಿ ಹಂಚಿಕೊಳ್ಳುವಾಗ ಪಕ್ಕದವರ ಮುಖ ಅರ್ಥವಾಗುತ್ತದೆ. ಕೊರೋನಾ ಕಾಲದಲ್ಲಿ ರೂಢಿಯಾದ ಮೊಬೈಲಿನ ಆರಾಧನೆ ಹಾಸಿಗೆ ಹಿಡಿದವರಿಗೆ ವರವೇ ಸರಿ. ಚರ್ಚಿನ ಬೀದಿಯಲ್ಲೇ ತಂಗಿರುವ ಆರೋಗ್ಯವಂತರಿಗೆ ಅದು ಸಲ್ಲದು. ನಿಜವಾಗಿ ದೂರವಿರುವವರ ಮಾತು ಬೇರೆ: ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಹಿಂದಿನ ಸಂಜೆಯ ಪೂಜೆಯನ್ನೂ ಒಪ್ಪುತ್ತದೆ, ಗುರುಗಳೇ ಸಿಗದ ಕಡೆ ಕುಟುಂಬವಾಗಿ ಪ್ರಾರ್ಥಿಸಿ ಎನ್ನುತ್ತದೆ. ಕಾಡಿನ ನಡುವಿನ ರೆಸಾರ್ಟಿನಲ್ಲಿ ಜಪಸರ ಹಿಡಿದು ಕೂತ ಮನೆಮಂದಿಯಲ್ಲಿ ನಾನು ಕೊರತೆ ಕಾಣಲಾರೆ.

ಇದರಲ್ಲೇ ಇನ್ನೊಂದು ಹೊಣೆಯಿದೆ, ಅದರ ಬಗ್ಗೆ ಮಾತು ತೀರಾ ಕಡಿಮೆ. ಸಬ್ಬತ್ತಿನ ಆಜ್ಞೆ ವಿಶ್ರಾಂತಿಯನ್ನು ಯಜಮಾನನಿಗಷ್ಟೇ ಕೊಡುವುದಿಲ್ಲ. ದಾಸದಾಸಿಯರನ್ನೂ ಊರಲ್ಲಿರುವ ಪರದೇಶಿಯನ್ನೂ ಹೆಸರಿಟ್ಟು ಸೇರಿಸುತ್ತದೆ. ನಮ್ಮ ರಜೆಯ ಭಾನುವಾರ ಕಾರಿನ ಡ್ರೈವರನಿಗೆ, ಹೋಂಸ್ಟೇಯ ಅಡುಗೆಯವಳಿಗೆ ದುಡಿಮೆಯ ದಿನ. ಅವಳೂ ಕ್ರೈಸ್ತಳಾಗಿರಬಹುದು, ನಾವು ತಡವಾಗಿ ಎದ್ದು ಕೇಳುವ ಬಿಸಿ ತಿಂಡಿಗಾಗಿ ಅವಳ ಬೆಳಗಿನ ಪೂಜೆ ತಪ್ಪುತ್ತಿರಬಹುದು. ಶನಿವಾರ ರಾತ್ರಿಯೇ ಅವಳನ್ನು ಕೇಳಿ, ನಾಳೆ ಬ್ರೆಡ್ಡು ಬಾಳೆಹಣ್ಣು ಸಾಕೆಂದು ಹೇಳಿ, ಚರ್ಚಿಗೆ ಹೊರಡುವ ಕಾರಿನಲ್ಲಿ ಅವಳಿಗೂ ಜಾಗ ಮಾಡಬಹುದು.