ನಲವತ್ತೈದು ಡಿಗ್ರಿಯ ಜಾಣ್ಮೆ

ಮಲೆನಾಡಿನ ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವಾಗ ಎಲ್ಲರ ಕಣ್ಣೂ ಎಂಜಿನ್ ಮೇಲೆ. ನನ್ನ ಕಣ್ಣು ಅದರ ಇಕ್ಕೆಲದ ರಬ್ಬರ್ ಮೌಂಟುಗಳ ಮೇಲೆ. ನೋಡಲು ಏನಿಲ್ಲ: ಎರಡು ಉಕ್ಕಿನ ತಗಡು, ನಡುವೆ ಬೆಸೆದ ರಬ್ಬರ್.

ಆ ರಬ್ಬರಿಗೆ ಎರಡು ಸ್ವಭಾವ. ಒತ್ತಿದರೆ ಬಿಗಿ, ಅಡ್ಡಕ್ಕೆ ಜಾರಿಸಿದರೆ ಮೆದು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 750 ಸುತ್ತಿನ ಐಡಲ್‌ನಲ್ಲಿ ಸೆಕೆಂಡಿಗೆ 25 ಸಲ ಸಿಡಿಯುತ್ತದೆ; ಪ್ರತಿ ಸಿಡಿತಕ್ಕೂ ಪಕ್ಕಕ್ಕೆ ಹೊರಳಲು ನೋಡುತ್ತದೆ. ಮೌಂಟನ್ನು ಚಪ್ಪಟೆ ಮಲಗಿಸಿದರೆ ಆ ಹೊರಳಾಟ ರಬ್ಬರನ್ನು ಒತ್ತಿ ಚಾಸಿಗೆ ಇಳಿಯುತ್ತದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಗುತ್ತದೆ. ಸುಮಾರು 45 ಡಿಗ್ರಿ ಓರೆ ಮಾಡಿ, ಎರಡೂ ಮೌಂಟುಗಳ ಮುಖದ ಲಂಬರೇಖೆಗಳು ಎಂಜಿನ್ ಹೊರಳುವ ಅಕ್ಷದತ್ತ ನೋಡುವಂತೆ ಕೂರಿಸಿ. ಹೊರಳಾಟ ಜಾರಿಕೆಯಾಗಿ ಕರಗುತ್ತದೆ. ಭಾರ ಹೊರುವ ಬಿಗಿಯೂ ಉಳಿಯುತ್ತದೆ.

ಆ ಅಕ್ಷ ಕ್ರ್ಯಾಂಕ್‌ಶಾಫ್ಟಿನ ನೇರಕ್ಕಿಲ್ಲ. ಸಾಮಾನ್ಯವಾಗಿ ಮುಂದೆ ಎತ್ತರ, ಗೇರ್‌ಬಾಕ್ಸಿನ ಕಡೆ ತಗ್ಗು. 1931ರ ಪ್ಲಿಮತ್ ಕಾರಿನ ‘ಫ್ಲೋಟಿಂಗ್ ಪವರ್’ ಹಿಡಿದದ್ದು ಇದೇ ಗುಟ್ಟನ್ನು: ಮುಂದಿನ ಮೌಂಟ್ ಮೇಲೆ, ಹಿಂದಿನದು ಕೆಳಗೆ.

ಒಳ್ಳೆಯ ಮೇಸ್ತ್ರಿ ಅವಸರಪಡುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೆ ಹೊಂದುವಂತೆ ಎಂಜಿನ್ನಿನ ಬಾಲವನ್ನು ಮೂರು ನಾಲ್ಕು ಡಿಗ್ರಿ ತಗ್ಗಿಸುತ್ತಾನೆ. ರಟ್ಟಿನಲ್ಲಿ ಬ್ರಾಕೆಟ್ಟಿನ ಅಚ್ಚು ಕತ್ತರಿಸುತ್ತಾನೆ. ಮೊದಲು ಚುಕ್ಕೆ ವೆಲ್ಡಿಂಗ್, ಇಡೀ ಭಾರ ಕೂತ ಮೇಲೆ ಮತ್ತೊಮ್ಮೆ ಅಳತೆ, ಆಮೇಲಷ್ಟೇ ಪೂರ್ತಿ ಬೆಸುಗೆ. ಕೆಲಸ ಕೈಗೂಡಿತೇ ಎನ್ನುವುದನ್ನು ಸ್ಟಿಯರಿಂಗ್ ಹಿಡಿದ ಅಂಗೈಯೇ ಹೇಳುತ್ತದೆ.