ಕಾಗುಣಿತದ ತಪ್ಪು ಮತ್ತು ಪಠ್ಯದ ಪ್ರಾಮಾಣ್ಯ: ಕುಂದಾಪುರ ಕನ್ನಡದ ನೆಲೆಯಲ್ಲಿ

ಜಾನಪದ ಪಠ್ಯಗಳ ಸಂಪಾದನೆಯಲ್ಲಿ ಕಾಗುಣಿತದ ತಪ್ಪುಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶುದ್ಧ–ಅಶುದ್ಧಗಳ ನೆಲೆಯಲ್ಲಿಯೇ ನಿಂತುಬಿಡುತ್ತದೆ. ಮೌಖಿಕ ಪಠ್ಯದ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ತಪ್ಪು ಯಾರದು? ಹಾಡಿದವರದೆ, ಬರೆದುಕೊಂಡವರದೆ, ತಿದ್ದಿದವರದೆ?

ತೆಕ್ಕಟ್ಟೆಯ ಆಸುಪಾಸಿನ ಆಡುಮಾತನ್ನೇ ಗಮನಿಸಬಹುದು. ಇಲ್ಲಿ ‘ಹೋಗುವ’ ಎಂಬುದು ‘ಹೋಪ’, ‘ಬರುವ’ ಎಂಬುದು ‘ಬಪ್ಪ’, ‘ಕಾಣುವ’ ಎಂಬುದು ‘ಕಾಂಬ’. ಶಿಷ್ಟ ಬರೆಹಕ್ಕೆ ಒಗ್ಗಿದ ಕಣ್ಣಿಗೆ ಇವು ತಪ್ಪುಗಳಾಗಿ ತೋರುತ್ತವೆ. ವಾಸ್ತವದಲ್ಲಿ ಇವು ಹಳಗನ್ನಡದ ‘ಪೋಪ’, ‘ಬರ್ಪ’, ‘ಕಾಣ್ಬ’ ರೂಪಗಳ ಮುಂದುವರಿಕೆ. ಇವನ್ನು ತಿದ್ದಿದರೆ ಭಾಷಾಚರಿತ್ರೆಯ ಸಾಕ್ಷ್ಯವೊಂದು ಅಳಿದುಹೋಗುತ್ತದೆ. ಹಾಗೆಯೇ ತೊರೆಯನ್ನು ದಾಟುವ ಕಾಲುಸೇತುವೆಗೆ ಇಲ್ಲಿಯ ಜನ ‘ಸಂಕ’ ಎನ್ನುತ್ತಾರೆ. ಸಕಾರವನ್ನು ಉಚ್ಚಾರದೋಷವೆಂದು ಭಾವಿಸಿದ ಕೈ ಅದನ್ನು ‘ಶಂಖ’ವಾಗಿಸಿದರೆ ಹಾಡಿನೊಳಗಿನ ದಾರಿಯೇ ಕಡಿದುಹೋಗುತ್ತದೆ.

ಹಾಗೆಂದು ಎಲ್ಲ ತಪ್ಪುಗಳನ್ನೂ ದೇಸಿಯ ಹೆಸರಿನಲ್ಲಿ ಸಮರ್ಥಿಸಲಾಗದು. ‘ಹಾಲು’ ಹೋಗಿ ‘ಹಾಳು’ ಬಂದರೆ ಅರ್ಥವೇ ಕೆಡುತ್ತದೆ. ಯಕ್ಷಗಾನ ಪ್ರಸಂಗದ ಪದ್ಯಗಳು ಮಾತ್ರೆಯ ಲೆಕ್ಕದಲ್ಲಿ ತಾಳಕ್ಕೆ ಹೊಂದುವಂಥವು. ಒಂದು ದೀರ್ಘವೋ ಒತ್ತಕ್ಷರವೋ ಬಿಟ್ಟುಹೋದರೆ ಭಾಗವತರು ಎಡವಬೇಕಾಗುತ್ತದೆ. ಹಳೆಯ ಓಲೆಗರಿಗಳಲ್ಲಿ ಎ–ಏ, ಒ–ಓಗಳನ್ನು ಬೇರ್ಪಡಿಸಿ ಬರೆಯುವ ರೂಢಿ ಇರಲಿಲ್ಲ. ಅಲ್ಲಿ ‘ಕೊಡು’, ‘ಕೋಡು’ಗಳ ಭೇದವನ್ನು ಸಂದರ್ಭವೇ ತಿಳಿಸುತ್ತಿತ್ತು. ಅದು ಲಿಪಿಕಾರನ ತಪ್ಪಲ್ಲ. ಇಂದಿನ ಅಚ್ಚಿನಲ್ಲಿ ಅದೇ ಗೊಂದಲ ಉಳಿದರೆ ಸಂಪಾದಕನ ತಪ್ಪು. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಹೋಗುವ ಮಕ್ಕಳು ಪುಸ್ತಕದಿಂದ ಪಾಠ ಕಲಿತರೆ ಅಚ್ಚಿನ ದೋಷವೇ ಅವರ ನಾಲಗೆಯಲ್ಲಿ ಪರಂಪರೆಯಾಗುತ್ತದೆ.

ಶುದ್ಧಿಯ ಕಲ್ಪನೆಯೂ ಸ್ಥಿರವಾದುದಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ಹೇಳಿದನು, ಇಂದು ‘ಬಾೞೆ’ಯನ್ನು ‘ಬಾಳೆ’ ಎಂದು ಬರೆಯುವುದೇ ಶುದ್ಧ. ಡಿ.ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ (2005) ಕೃತಿಯಲ್ಲಿ, ಹೆಚ್ಚಿನವರ ಉಚ್ಚಾರದಲ್ಲಿಲ್ಲದ ಮಹಾಪ್ರಾಣಾಕ್ಷರಗಳು ಬರೆಹದಲ್ಲಿಯೂ ಅನಗತ್ಯವೆಂದು ವಾದಿಸಿದರು. ಆ ವಾದವನ್ನು ಒಪ್ಪುವವರೂ ಒಪ್ಪದವರೂ ಒಂದನ್ನು ಗಮನಿಸಬೇಕು: ಬರೆಹದ ನಿಯಮ ಬೇರೆ, ದಾಖಲೆಯ ನಿಯಮ ಬೇರೆ.

ಆದ್ದರಿಂದ ಹಾಡಿದವರ ಉಚ್ಚಾರವನ್ನು ಇದ್ದಂತೆ ಉಳಿಸಬೇಕು. ಬರೆದುಕೊಂಡವರ ಕೈತಪ್ಪನ್ನು ತಿದ್ದಬೇಕು. ತಿದ್ದಿದ ಕಡೆ ಮೂಲರೂಪವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ಮೌನವಾಗಿ ಮಾಡಿದ ತಿದ್ದುಪಡಿಯನ್ನು ಮುಂದಿನವರು ಗುರುತಿಸಲಾರರು. ಹಾಡಿದ ತಲೆಮಾರು ಮರೆಯಾದ ಬಳಿಕ ಅದನ್ನು ಸರಿಪಡಿಸಲು ಆಧಾರವೇ ಇರುವುದಿಲ್ಲ.