ಸಂತನ ವಿಮಾನ, ಸತಿಯ ಒಲೆ

ಚಲಚ್ಚಿತ್ರವೆಂದರೆ ಕಾಲಹರಣದ ಸಾಧನವೆಂದು ಮೂಗು ಮುರಿಯುವ ಆಸ್ತಿಕರೂ ನೋಡಬೇಕಾದ ಮರಾಠಿ ಚಿತ್ರ ‘ಸಂತ ತುಕಾರಾಮ’. 1936ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯು ಇದನ್ನು ನಿರ್ಮಿಸಿತು. ವಿಷ್ಣುಪಂತ ದಾಮಲೆ ಮತ್ತು ಶೇಖ್ ಫತ್ತೇಲಾಲ್ ಇದರ ನಿರ್ದೇಶಕರು. ವಿಠ್ಠಲಭಕ್ತನ ಕಥೆಗೆ ಹಿಂದೂ-ಮುಸಲ್ಮಾನ ಕಲಾವಿದರಿಬ್ಬರು ಕೂಡಿ ರೂಪ ಕೊಟ್ಟರೆಂಬುದು ಸ್ಮರಣೀಯ. ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ವರ್ಷಕ್ಕೂ ಮಿಕ್ಕಿ ನಡೆದ ಈ ಚಿತ್ರವು 1937ರ ವೆನಿಸ್ ಚಿತ್ರೋತ್ಸವದಲ್ಲಿಯೂ ಮನ್ನಣೆ ಪಡೆಯಿತು.

ದಾದಾಸಾಹೇಬ ಫಾಳ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಆರಂಭಕಾಲದಿಂದಲೂ ನಮ್ಮ ಪೌರಾಣಿಕ ಚಿತ್ರಗಳಿಗೆ ಪವಾಡದ ಮೋಹ ಅಂಟಿಕೊಂಡಿದೆ. ಕ್ಯಾಮರಾದ ಚಮತ್ಕಾರವು ದೇವರನ್ನು ಪ್ರತ್ಯಕ್ಷಗೊಳಿಸಬಲ್ಲುದು. ಭಕ್ತಿಯನ್ನು ಪ್ರತ್ಯಕ್ಷಗೊಳಿಸಬಲ್ಲುದೆ? ಈ ಪ್ರಶ್ನೆಯನ್ನಿಟ್ಟುಕೊಂಡು ನೋಡಿದಾಗಲೇ ‘ಸಂತ ತುಕಾರಾಮ’ದ ಹಿರಿಮೆ ತಿಳಿಯುತ್ತದೆ.

ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿದ್ದ ವಿಷ್ಣುಪಂತ ಪಾಗನೀಸರು ಇಲ್ಲಿ ತುಕಾರಾಮರಾಗಿದ್ದಾರೆ. ಅವರದು ಅಭಿನಯವೆನ್ನಿಸದ ಅಭಿನಯ. ಮಾತು ಮುಗಿದಲ್ಲಿ ಹಾಡು ತಾನಾಗಿ ಮೊದಲಾಗುತ್ತದೆ. ಶಾಂತಾರಾಮ ಆಠವಲೆಯವರು ಈ ಚಿತ್ರಕ್ಕೆಂದೇ ರಚಿಸಿದ ಒಂದು ಹಾಡನ್ನು ತುಕಾರಾಮರದೇ ಅಭಂಗವೆಂದು ಅನೇಕರು ಭಾವಿಸಿದ್ದುಂಟು. ಕಥೆಯೊಳಗಿನ ಸಾಲೋಮಾಲೋ ಸಂತನ ಪದಗಳನ್ನು ತನ್ನವೆಂದು ಹೇಳಿಕೊಂಡು ನಗೆಗೀಡಾಗುತ್ತಾನೆ. ಹೊರಗಿನ ಕವಿಯಾದರೋ ತನ್ನ ಪದವನ್ನು ಸಂತನ ಹೆಸರಿಗೆ ಒಪ್ಪಿಸಿ ಮರೆಯಾಗುತ್ತಾನೆ!

ಆದರೆ ಚಿತ್ರದ ಜೀವಾಳ ತುಕಾರಾಮರ ಸತಿ ಜೀಜಾಯಿ. ಗೌರಿ ಎಂಬ ನಟಿ ಈ ಪಾತ್ರವನ್ನು ಬಾಳಿ ತೋರಿಸಿದ್ದಾರೆ. ಎಮ್ಮೆ, ಒಲೆ, ಮಕ್ಕಳು, ಬರಿದಾದ ಮಡಕೆ, ಇವು ಅವಳ ಲೋಕ. ಮಗು ಕಾಯಿಲೆ ಬಿದ್ದಾಗ ಅವಳು ಕೆರವನ್ನು ಕೈಗೆತ್ತಿಕೊಂಡು ಗುಡಿಗೆ ನುಗ್ಗಿ ವಿಠೋಬನನ್ನೇ ಪ್ರಶ್ನಿಸುತ್ತಾಳೆ. ಇದರಲ್ಲಿ ಅಪಚಾರವನ್ನು ಕಾಣುವವರು ಇರಬಹುದು. ದೇವರು ಇದ್ದಾನೆಂಬ ನಂಬಿಕೆ ಇಲ್ಲದವರು ಅವನ ಮೇಲೆ ಇಷ್ಟು ಕೋಪಗೊಳ್ಳಲಾರರೆಂಬುದು ನನ್ನ ಅಭಿಪ್ರಾಯ.

ಶಿವಾಜಿ ಮಹಾರಾಜರು ಕಳುಹಿಸಿದ ಸಂಪತ್ತನ್ನು ತುಕಾರಾಮರು ಹಿಂದಿರುಗಿಸುವ ಸನ್ನಿವೇಶದಲ್ಲಿ ಶರಣಸಾಹಿತ್ಯದ ಓದುಗರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರಳು. ಪತಿ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಮಹಾಸತಿ ಆಕೆ. ಹಾಗಾದರೆ ಜೀಜಾಯಿ ಲಕ್ಕಮ್ಮನಿಗಿಂತ ಕಿರಿಯಳೆ? ಹಾಗೆ ತೀರ್ಪು ಕೊಡುವುದು ಅವಸರವಾದೀತು. ಲಕ್ಕಮ್ಮ-ಮಾರಯ್ಯರದು ಜೊತೆಯ ಕಾಯಕ, ನಿರಾಕರಣೆಯೂ ಜೊತೆಯದೇ. ಜೀಜಾಯಿಯ ಮನೆಯಲ್ಲಿ ತ್ಯಾಗ ಪತಿಯದು, ಹಸಿವನ್ನು ನಿಭಾಯಿಸುವ ಹೊಣೆ ಸತಿಯದು. ಈ ಅಸಮತೆಯನ್ನು ನಿರ್ದೇಶಕರು ಮುಚ್ಚಿಡಲಿಲ್ಲ. ಸಂತನನ್ನು ಪೂಜಿಸುತ್ತಲೇ ಅವನ ಸಂಸಾರದ ನೋವನ್ನೂ ನಿಜವಾಗಿ ತೋರಿಸಿದರು.

ದೋಷಗಳಿಲ್ಲವೆಂದಲ್ಲ. ಸಾಲೋಮಾಲೋನ ವಿದೂಷಕತನ ಕೆಲವೆಡೆ ಅತಿಯಾಗಿದೆ. ಧಾನ್ಯದ ರಾಶಿ, ಇಂದ್ರಾಯಣಿಯಿಂದ ಮರಳಿದ ಹಸ್ತಪ್ರತಿ, ಕೊನೆಯ ವೈಕುಂಠಯಾತ್ರೆ, ಇವು ಅಂದಿನ ಪ್ರೇಕ್ಷಕರನ್ನು ಪುಳಕಗೊಳಿಸಿದ್ದರೂ ಇಂದು ತಂತ್ರವಾಗಿಯೇ ಕಾಣುತ್ತವೆ. ಅನಂತರದ ಅನೇಕ ಭಕ್ತಿಚಿತ್ರಗಳು ಈ ತಂತ್ರವನ್ನಷ್ಟೇ ಆಯ್ದುಕೊಂಡು, ಎಮ್ಮೆಯನ್ನೂ ಒಲೆಯನ್ನೂ ಕೈಬಿಟ್ಟವು. ಕಾಳನ್ನು ಬಿಟ್ಟು ಹೊಟ್ಟನ್ನು ಹಿಡಿದಂತಾಯಿತು.

ಕಡೆಗೆ ಸಂತನು ವಿಮಾನವೇರುತ್ತಾನೆ. ಜೀಜಾಯಿ ನೆಲದ ಮೇಲೆಯೇ ಉಳಿಯುತ್ತಾಳೆ. ನಮ್ಮ ಕಣ್ಣು ಆಕಾಶದತ್ತ ಹೋದರೂ ಮನಸ್ಸು ಅವಳ ಬಳಿ ನಿಲ್ಲುತ್ತದೆ. ಕಾಯಕದಲ್ಲಿಯೇ ಕೈಲಾಸವನ್ನು ಕಾಣಬೇಕೆಂಬ ಪರಂಪರೆಯಲ್ಲಿ ಬೆಳೆದ ನಮಗೆ ಆ ನೋಟ ಅಪರಿಚಿತವಾಗಲಾರದು.